ಟ್ಯೂಬಿನ ಗೋಡೆಗೆ ಅಂಟಿದ್ದು

ಮಾರ್ಚ್ 14, 2006, ಮಂಗಳವಾರ

ಹರಿ ಇವತ್ತು ಬೆನ್ನಿಂದ ನೀರು ಕೊಟ್ಟು ಬಂದರು. ಬೆನ್ನುಹುರಿಯ ದ್ರವ ಅಂತ ಬರೆಯಬೇಕು, ಮನೆಯಲ್ಲಿ ನಾವೆಲ್ಲ ನೀರು ಅಂತಲೇ ಹೇಳುವುದು. ನಮ್ಮ ಲ್ಯಾಬಿನ ಅಧ್ಯಯನಕ್ಕೆ ಆಲ್ಜೈಮರ್ ಅನುಮಾನ ಇರುವವರು ಬೇಕಾದಷ್ಟು ಸಿಗುತ್ತಾರೆ. ನಲವತ್ತೈದು ದಾಟಿದ, ಆರೋಗ್ಯವಾಗಿರುವ, ಸುಮ್ಮಸುಮ್ಮನೆ ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳಲು ಒಪ್ಪುವ ಜನ ಸಿಗುವುದಿಲ್ಲ. ಹೋದ ತಿಂಗಳು ಊಟದ ಹೊತ್ತಿನಲ್ಲಿ ಗಂಡನ ಮುಂದೆ ಇದನ್ನೇ ಗೊಣಗುತ್ತಿದ್ದೆ. "ನಂಗೆ ನಲವತ್ತೊಂಬತ್ತು, ಗುಂಡುಕಲ್ಲಿನ ಹಾಗಿದೀನಿ, ನನ್ನೇ ತಗೊಳ್ಳಿ ಕಣೇ" ಅಂದರು. ಮಾತಿಗೆ ಅಂದದ್ದನ್ನು ಮಾಡಿಯೂ ಬಿಟ್ಟರು.

ಅದೇ ಕಾರಿನಲ್ಲಿ ತಾರಾನಾಥರೂ ಹೋಗಿದ್ದರು, ಅವರು ರೋಗಿಗಳ ಕಡೆಯಿಂದ. ಡುಲುತ್‌ನಲ್ಲಿ ನಮ್ಮಿಂದ ಎರಡು ಬೀದಿ ಆಚೆ ಅವರ ಮನೆ. ಉಡುಪಿಯವರು, ಐವತ್ತೆಂಟು ವಯಸ್ಸು, ಕೌಂಟಿಯಲ್ಲಿ, ಅಂದರೆ ಇಲ್ಲಿನ ಜಿಲ್ಲಾಡಳಿತದಲ್ಲಿ, ಚರಂಡಿ ವಿಭಾಗದ ಇಂಜಿನಿಯರ್. ಹೋದ ವರ್ಷ ತಮ್ಮ ತೀರಿಕೊಂಡ ಮೇಲೆ ಮಾತು ಅರ್ಧಕ್ಕೇ ನಿಲ್ಲುತ್ತದೆ, ಮೀಟಿಂಗ್ ಮರೆಯುತ್ತಾರೆ. ಇದು ಮರೆವಿನ ಕಾಯಿಲೆಯೋ ದುಃಖವೋ ಅಂತ ಡಾಕ್ಟರಿಗೆ ತೀರ್ಮಾನವಾಗಿಲ್ಲ. ನಾನೇ ನಮ್ಮ ಅಧ್ಯಯನಕ್ಕೆ ಸೇರಿ ಅಂದೆ.

ಹೋದ ಭಾನುವಾರ ನನ್ನನ್ನು ಕೂರಿಸಿಕೊಂಡು ಕೇಳಿದರು: "ನೀರಲ್ಲಿ ಎಂತ ನೋಡುವುದು ನೀವು?"

"ಅಮೈಲಾಯ್ಡ್ ಅಂತ ಒಂದು ಪ್ರೋಟೀನ್. ಕಾಯಿಲೆ ಇರೋರಲ್ಲಿ ಅದು ಮಿದುಳಲ್ಲಿ ಕಟ್ಟಿಕೊಳ್ಳತ್ತೆ. ಹಾಗಾಗಿ ನೀರಲ್ಲಿ ಕಮ್ಮಿ ಬರತ್ತೆ. ಟಾವ್ ಅಂತ ಇನ್ನೊಂದಿದೆ, ಅದು ಜಾಸ್ತಿ ಬರತ್ತೆ."

"ಸರಿ, ಗೊತ್ತಾಯ್ತು. ಹೊರಗೆ ಹೂಳು ಕಮ್ಮಿ ಬಂದ್ರೆ ಪೈಪಿನ ಒಳಗೆ ಎಲ್ಲೋ ಕೂತಿದೆ ಅಂತ ಅರ್ಥ." ಹದಿನಾಲ್ಕು ವರ್ಷದಲ್ಲಿ ಇಷ್ಟು ಚೆನ್ನಾಗಿ ನಾನು ಯಾರಿಗೂ ವಿವರಿಸಿರಲಿಲ್ಲ.

ರೋಗಿಗಳ ಅಂಕಿ ಕ್ಲಿನಿಕ್ಕಿನ ಡಾಕ್ಟರಿಗೆ ಹೋಗುತ್ತದೆ. ಆರೋಗ್ಯವಂತರದ್ದು ಯಾರಿಗೂ ಹೋಗುವುದಿಲ್ಲ, ಕೊಟ್ಟವರಿಗೂ ಹೇಳುವುದಿಲ್ಲ. ಫಾರಂನಲ್ಲಿ ಹಾಗೇ ಬರೆದಿದೆ, ಹರಿ ಸೈನ್ ಮಾಡಿದ್ದಾರೆ. ನನ್ನ ಕೈಗೆ ಬರುವುದು ಹೆಸರಲ್ಲ, ಕೋಡ್. ನನಗೆ ಅದೇ ಇಷ್ಟ. ಜನ ಏನಾದರೂ ಹೇಳಲಿ, ಅಂಕಿ ಸುಳ್ಳು ಹೇಳುವುದಿಲ್ಲ.

ಮಾರ್ಚ್ 16

ಹರಿಗೆ ತಲೆನೋವು. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಮ್ಮಿ. ಸೂಜಿ ಚುಚ್ಚಿದ ಮೇಲೆ ಕೆಲವರಿಗೆ ಹೀಗಾಗುತ್ತದೆ. ಅದಕ್ಕೆ ಕಾಫಿ ಒಳ್ಳೆಯದು, ಬೆಳಿಗ್ಗೆಯಿಂದ ನಾಲ್ಕು ಸಲ ಕೊಟ್ಟೆ. "ನಿಮ್ಮ ಸೈನ್ಸ್‌ಗೋಸ್ಕರ ಕಾಫಿ ಕುಡೀತಿದೀನಿ" ಅಂತ ಮಲಗಿದಲ್ಲೇ ನಕ್ಕರು.

ಏಪ್ರಿಲ್ 11, ಮಂಗಳವಾರ

ಇವತ್ತು ಮೊದಲ ತಂಡದ ಸ್ಯಾಂಪಲ್‌ಗಳನ್ನು ಪರೀಕ್ಷೆಗೆ ಓಡಿಸಿದೆ. ಅಮೈಲಾಯ್ಡ್ ಐನೂರರ ಕೆಳಗೆ ಬಂದರೆ ಅನುಮಾನ. ಮೂವತ್ತೊಂದನೇ ಕೋಡಿಗೆ 318 ಬಂತು.

ಹಾಳೆಯಲ್ಲಿ ಅದರ ಮುಂದೆ ಬರೆದಿತ್ತು: ಆರೋಗ್ಯವಂತ, ಗಂಡು, 49, ಮಾರ್ಚ್ 14. ಆ ದಿನ ನೀರು ಕೊಟ್ಟವರು ಇಬ್ಬರೇ. ಇನ್ನೊಬ್ಬರು ರೋಗಿ, ಅವರದ್ದು 290.

ನಾನು ಹುಡುಕಲಿಲ್ಲ. ಕಣ್ಣಿಗೆ ಬಿತ್ತು.

ಯಾರ ಸ್ಯಾಂಪಲ್ ಅಂತ ಗುರುತು ಸಿಕ್ಕಿದರೆ ತಕ್ಷಣ ಹ್ಯಾರಿಯೆಟ್‌ಗೆ ಹೇಳಿ, ಅದನ್ನು ಬೇರೆಯವರಿಗೆ ಕೊಡಬೇಕು. ಅದು ನಿಯಮ. ಹ್ಯಾರಿಯೆಟ್ ನಮ್ಮ ಲ್ಯಾಬಿನ ಮುಖ್ಯಸ್ಥೆ. ಆ ನಿಯಮವನ್ನು ಬರೆಯುವಾಗ ಅವರ ಪಕ್ಕದಲ್ಲಿ ಕೂತಿದ್ದವಳು ನಾನೇ. ಇವತ್ತು ಅವರ ಬಾಗಿಲ ಮುಂದೆ ಎರಡು ಸಲ ಹಾದು ಹೋದೆ. ಫೋನಿನಲ್ಲಿದ್ದರು.

ಏಪ್ರಿಲ್ 12

ಹೇಳಲಿಲ್ಲ.

ಏಪ್ರಿಲ್ 18, ಮಂಗಳವಾರ

ಎಲ್ಲರೂ ಊಟಕ್ಕೆ ಹೋದಾಗ ಉಳಿದಿದ್ದ ಮೂವತ್ತೊಂದನ್ನು ಹೊಸ ಟ್ಯೂಬಿಗೆ ಸುರಿದು ಮತ್ತೆ ಓಡಿಸಿದೆ. ಲಾಗ್‌ಬುಕ್ಕಿನಲ್ಲಿ ಬರೆಯಲಿಲ್ಲ. ಮೊದಲ ಸಲ ಏನೋ ಕೈತಪ್ಪಿರಬೇಕು ಅಂತ ನನ್ನ ಆಸೆ.

271.

ಟಾವ್ ಮಾತ್ರ ಸರಿಯಾಗಿದೆ. ಅದು ಇನ್ನೂ ಏರಿಲ್ಲ ಅಂತ ಅರ್ಥ, ಅಷ್ಟೇ.

ಏಪ್ರಿಲ್ 23, ಭಾನುವಾರ

ಈ ವಾರ ಹರಿ ಮರೆತದ್ದು: ಸೋಮವಾರ ಗ್ಯಾರೇಜ್ ಬಾಗಿಲು ಹಾಕಲಿಲ್ಲ. ಬುಧವಾರ ನನ್ನ ಅಕ್ಕ ಶೈಲಜಾಳ ಮಗನ ಹೆಸರು ನೆನಪಾಗದೆ "ಅವನು, ನಿಮ್ಮಕ್ಕನ ಮಗ" ಅಂದರು. ಶುಕ್ರವಾರ ಒಂದೇ ಜೋಕು ಎರಡು ಸಲ. ಇವತ್ತು ಕೊತ್ತಂಬರಿ ಸೊಪ್ಪು ತನ್ನಿ ಅಂದರೆ ಪುದೀನ ತಂದರು. ಕ್ಲಿನಿಕ್ಕಿನಲ್ಲಿ ಮರೆವಿನವರನ್ನು ಕೇಳುವ ಹಾಗೆ, ನೂರರಿಂದ ಏಳೇಳು ಕಳೆದು ಹೇಳಿ ನೋಡೋಣ ಅಂದೆ. ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಅಂತ ಹೇಳುತ್ತಾ ಹೋಗಿ, ಐವತ್ತೊಂದರಲ್ಲಿ ನಿಂತು, "ಯಾಕೇ ಇದು?" ಅಂತ ಕೇಳಿದರು. ಸುಮ್ಮನೆ ಅಂದೆ.

ಸಂಜೆ ತಾರಾನಾಥರ ಮನೆಗೆ ಹೋಗಿದ್ದೆವು. ಬೇಬಿಯಕ್ಕ, ಅವರ ಹೆಂಡತಿ, ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು. "ಡಾಕ್ಟ್ರು ಹೇಳಿದ್ರು ವಿದ್ಯಾ. ಪ್ರೋಟೀನ್ ತುಂಬ ಕಮ್ಮಿ ಉಂಟಂತೆ. ಅದೇ ಕಾಯಿಲೆ ಇರ್ಬೇಕು ಅಂತ. ಈಗ ಎಂತ ಮಾಡುವುದು ಹೇಳಿ."

ಅವರ ಕೈ ಹಿಡಿದುಕೊಂಡೆ. ಬೇಬಿಯಕ್ಕ ತಮ್ಮ ಗಂಡನಿಗಾಗಿ ಅಳುತ್ತಿದ್ದರು. ನಾನು ನನ್ನ ಗಂಡನಿಗಾಗಿ ಅಳುತ್ತಿದ್ದೆ. ಅವರಿಗದು ಗೊತ್ತಾಗಲಿಲ್ಲ. "ನಿಮ್ಮ ಮನಸ್ಸು ದೊಡ್ಡದು" ಅಂದರು.

ಮೇ 3

226. ಮತ್ತೆ ಹೊಸ ಟ್ಯೂಬಿಗೆ ಸುರಿದು ಓಡಿಸಿದೆ, ಇಳಿಯುತ್ತಲೇ ಇದೆ. ಸ್ಯಾಂಪಲ್ ಮುಗಿಯಿತು.

ಮೇ 9, ಮಂಗಳವಾರ

ಹರಿ ಸ್ಟೋವ್ ಮೇಲೆ ಹಾಲಿಟ್ಟು ಮರೆತರು. ಅದನ್ನು ಒರೆಸುವಾಗ ಮಗಳು ಅಮೂಲ್ಯಾ ಬಂದು ಬ್ಯಾಗ್ ಎಸೆದಳು. ಇವತ್ತು ಅವಳನ್ನು ಆರ್ಕೆಸ್ಟ್ರಾ ಪ್ರಾಕ್ಟೀಸಿಂದ ನಾನು ಕರೆತರಬೇಕಿತ್ತಂತೆ.

"ನಲವತ್ತು ಮಿನಿಟ್ಸ್ ವೇಟ್ ಮಾಡಿದೆ ಅಮ್ಮಾ. ಯು ಫರ್ಗಾಟ್ ಮಿ. ಅಗೇನ್. ಲಾಸ್ಟ್ ವೀಕೂ ಅಪ್ಪಾನೇ ಬಂದಿದ್ದು."

ಹೌದು, ಕೆಲಸ ಹೆಚ್ಚಾಗಿದೆ. ಮೊನ್ನೆ ಲ್ಯಾಬಿನಲ್ಲಿ ಬಫರ್ ದ್ರಾವಣಕ್ಕೆ ಉಪ್ಪು ಹಾಕುವುದನ್ನೇ ಬಿಟ್ಟೆ. ಅದು ಬೇರೆ ವಿಷಯ. ಹಾಲಿನದ್ದು ಮಾತ್ರ ಬರೆದಿಟ್ಟಿದ್ದೇನೆ, ಏಪ್ರಿಲ್‌ನಿಂದ ಹರಿ ಮರೆತದ್ದರಲ್ಲಿ ಇದು ಹದಿನೇಳನೆಯದು.

ಹರಿಯ ವೀಸಾ ಅವರ ಕಂಪನಿಯ ಮೇಲೆ, ನನ್ನದು ಈ ಲ್ಯಾಬಿನ ಮೇಲೆ. ಅವರು ಕೆಲಸ ಬಿಡಬೇಕಾಗಿ ಬಂದು, ಎಲ್ಲರೂ ಊರಿಗೆ ವಾಪಸ್ ಹೋಗಬೇಕಾದರೆ? ಅಮೂಲ್ಯಾಳಿಗೆ ಹದಿನೈದು. ಇವಳಿಗೆ ಮೈಸೂರಿನ ಶಾಲೆಯಲ್ಲಿ ಕನ್ನಡ ಓದಲಿಕ್ಕೂ ಬರುವುದಿಲ್ಲ.

ಮೇ 20, ಶನಿವಾರ

ತಾರಾನಾಥರು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಇಪ್ಪತ್ತಮೂರು ವರ್ಷದ ಕೆಲಸ. ಇವತ್ತು ಅವರ ಮನೆಯಲ್ಲಿ ಊಟ. ಬೇಬಿಯಕ್ಕ ನೀರುದೋಸೆ ಮಾಡಿದ್ದರು. ಆಫೀಸಿನವರು ಕೊಟ್ಟ ಫಲಕವನ್ನು ತಾರಾನಾಥರು ಎಲ್ಲರಿಗೂ ತೋರಿಸಿದರು. ಆಮೇಲೆ ಜೇಬಿನಿಂದ ಕಾರಿನ ಕೀ ತೆಗೆದು ಹರಿಯ ಕೈಗೆ ಕೊಟ್ಟರು. "ನೀವು ಇಟ್ಕೊಳ್ಳಿ. ಮನೆಯಲ್ಲಿದ್ರೆ ನಂಗೆ ಆಸೆ ಆಗ್ತದೆ. ಯಾವ ಮಗುವಿಗಾದ್ರೂ ಹೊಡೆದ್ರೆ ಎಂತ ಮಾಡುವುದು?"

ಹರಿ ಕೀ ತಗೊಳ್ಳಲಿಲ್ಲ. "ಇರಲಿ ಸಾರ್, ಇನ್ನೂ ಏನಾಗಿದೆ" ಅಂದರು. ಅವರು ಒತ್ತಾಯ ಮಾಡಿದರು. ಕೊನೆಗೆ ಹರಿ ತಗೊಂಡರು.

ವಾಪಸ್ ಬರುವಾಗ ಪ್ಲೆಸೆಂಟ್ ಹಿಲ್ ರಸ್ತೆಯ ಸಿಗ್ನಲ್ಲಿನಲ್ಲಿ ಹರಿ ಅತ್ತರು. ಹಿಂದಿನವರು ಹಾರ್ನ್ ಹೊಡೆದರು. ಹಸಿರು ಬಂದದ್ದು ಅವರಿಗೆ ಗೊತ್ತಾಗಲಿಲ್ಲ ಅಂತ ಬರೆಯಲು ಪೆನ್ನು ತೆಗೆದೆ. ನನಗೂ ಗೊತ್ತಾಗಿರಲಿಲ್ಲ.

ಮೇ 23, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಇವತ್ತು ಹನ್ನೊಂದು ಗಂಟೆಗೆ ಲ್ಯಾಬಿನ ಮೂಲೆಯಲ್ಲಿ ಕೂತು ಮೂವತ್ತೊಂದರ ಮೂರು ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಹಾಕುತ್ತಿದ್ದೆ. ಇದೇ ವೇಗದಲ್ಲಿ ಇಳಿದರೆ ಹರಿಗೆ ಎಷ್ಟು ಸಮಯ ಇದೆ ಅಂತ ನೋಡುವುದಕ್ಕೆ. ನಿಂತ ಗೆರೆಯಲ್ಲಿ 318, 271, 226. ಅಡ್ಡಗೆರೆಯಲ್ಲಿ ತಾರೀಖು ಬರೆದೆ: ಏಪ್ರಿಲ್ 11, ಏಪ್ರಿಲ್ 18, ಮೇ 3. ಬರೆದು ಗೆರೆ ಎಳೆಯಲು ಸ್ಕೇಲ್ ಇಟ್ಟೆ.

ಆ ತಾರೀಖುಗಳು ಹರಿಯವಲ್ಲ. ನನ್ನವು. ಹರಿಯ ತಾರೀಖು ಒಂದೇ, ಮಾರ್ಚ್ 14. ಆ ನೀರು ಅವತ್ತೇ ಅವರ ಮೈಯಿಂದ ಹೊರಗೆ ಬಂದಿತ್ತು. ಆಮೇಲೆ ಅದರಲ್ಲಿ ಏನು ಇಳಿದರೂ ಅದು ಹರಿಯಲ್ಲಿ ಇಳಿದದ್ದಲ್ಲ, ಟ್ಯೂಬಿನಲ್ಲಿ ಇಳಿದದ್ದು.

ಇದು ಎಂ.ಎಸ್ಸಿ. ಹುಡುಗಿಗೂ ಹೊಳೆಯುವ ವಿಷಯ. ನನಗೆ ಆರು ವಾರ ಹೊಳೆಯಲಿಲ್ಲ.

ಎದ್ದು ಫ್ರೀಜರ್ ತೆಗೆದು ನೋಡಿದೆ. ಫೆಬ್ರವರಿಯ ಟ್ಯೂಬುಗಳು ಗಂಜಿತಿಳಿಯ ಹಾಗೆ ಮಸುಕು. ಮಾರ್ಚ್ ಎರಡನೇ ವಾರದಿಂದ ಬಂದವು ಗಾಜಿನ ಹಾಗೆ ಸ್ವಚ್ಛ. ಬೇರೆ ಪ್ಲಾಸ್ಟಿಕ್. ಕ್ಲಿನಿಕ್ಕಿನಲ್ಲಿ ನಮ್ಮ ಟ್ಯೂಬು ಮುಗಿದಾಗ ಯಾರೋ ಸಿಕ್ಕಿದ್ದನ್ನು ಬಳಸಿದ್ದಾರೆ. ನಾನೂ ಮತ್ತೆ ಸುರಿಯುವಾಗ ಲ್ಯಾಬಿನಲ್ಲಿದ್ದ ಅಂಥದ್ದೇ ಪೆಟ್ಟಿಗೆಯಿಂದ ತೆಗೆದಿದ್ದೇನೆ. ಈ ಪ್ರೋಟೀನು ಸ್ವಚ್ಛ ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಕೊಳ್ಳುತ್ತದೆ. ಪ್ರತಿ ಸಲ ಸುರಿದಾಗಲೂ ಸ್ವಲ್ಪ ಗೋಡೆಗೆ ಹೋಗುತ್ತದೆ. ಟಾವ್ ಹಾಗೆ ಅಂಟುವುದಿಲ್ಲ, ಅದಕ್ಕೇ ಅದು ಸರಿಯಾಗಿತ್ತು.

ಫೆಬ್ರವರಿಯ ಉಳಿಕೆ ನೀರನ್ನು ಎರಡು ಭಾಗ ಮಾಡಿ, ಒಂದನ್ನು ಮಸುಕು ಟ್ಯೂಬಿನಲ್ಲಿ, ಇನ್ನೊಂದನ್ನು ಸ್ವಚ್ಛ ಟ್ಯೂಬಿನಲ್ಲಿ ಇಟ್ಟಿದ್ದೇನೆ. ಈ ಸಲ ಲಾಗ್‌ಬುಕ್ಕಿನಲ್ಲಿ ಬರೆದೆ. ನಾಳೆ ಉತ್ತರ ಬರುತ್ತದೆ.

ತಾರಾನಾಥರ ನೀರೂ ಅದೇ ದಿನದ್ದು, ಅದೇ ಟ್ಯೂಬಿನದ್ದು.

ಮೇ 24, ಬುಧವಾರ

ಮಸುಕಿನಲ್ಲಿ 702. ಸ್ವಚ್ಛದಲ್ಲಿ 431. ನೀರು ಒಂದೇ.

ಸಂಜೆ ಹರಿಗೆ ಎಲ್ಲ ಹೇಳಿದೆ. ಹಿತ್ತಲಿನ ಡೆಕ್ ಮೇಲೆ ಕೂತಿದ್ದರು, ಶೂ ಬಿಚ್ಚುತ್ತಾ. ಹೇಳಿ ಮುಗಿಸುವವರೆಗೆ ಒಂದು ಶೂ ಕಾಲಲ್ಲೇ ಇತ್ತು.

"ಅಂದ್ರೆ ಏಪ್ರಿಲ್‌ನಿಂದ ನಂಗೆ ಕಾಯಿಲೆ ಅಂತ ಅಂದ್ಕೊಂಡಿದ್ಯಾ?"

"ಹೂಂ."

"ಏಳೇಳು ಕಳೆಯೋದು, ಅದಕ್ಕೇನಾ?"

"ಹೂಂ."

ಆ ಶೂವನ್ನೂ ಬಿಚ್ಚಿ ಪಕ್ಕಕ್ಕಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಆಮೇಲೆ, "ಒಬ್ಬಳೇ ಹೊತ್ಕೊಂಡು ಓಡಾಡಿದೀಯಲ್ಲೇ" ಅಂದರು. ಅದಾದ ಮೇಲೆ ದನಿ ಬದಲಾಯಿತು. "ಆದ್ರೆ ತಾರಾನಾಥ್ ಸಾರ್ ವಿಷಯ ಬೇರೆ. ಅವರು ಕೆಲ್ಸ ಬಿಟ್ಟಾಯ್ತು. ನಾಳೇನೇ ಹೇಳು."

ಹ್ಯಾರಿಯೆಟ್‌ಗೆ ಟ್ಯೂಬಿನ ವಿಷಯ ಮಾತ್ರ ಹೇಳಬಹುದು, ಅದಕ್ಕೆ ಇವತ್ತಿನ ಪರೀಕ್ಷೆಯೇ ಸಾಕು. ಎರಡು ಸಲ ಕದ್ದು ಓಡಿಸಿದ್ದು ಲ್ಯಾಬಿನಲ್ಲಿ ಯಾರಿಗೂ ಗೊತ್ತಿಲ್ಲ. ಹೀಗೆ ಯೋಚಿಸಿದ್ದನ್ನು ಹರಿಗೆ ಹೇಳಲಿಲ್ಲ, ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಮೇ 25, ಗುರುವಾರ

ಎಲ್ಲವನ್ನೂ ಹೇಳಿದೆ. ಕದ್ದು ಓಡಿಸಿದ ಎರಡು ಸಲದ್ದೂ.

ಹ್ಯಾರಿಯೆಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲು ಟ್ಯೂಬಿನ ಬಗ್ಗೆ ಕೇಳಿದರು, ಎಷ್ಟು ಸ್ಯಾಂಪಲ್, ಯಾವ ತಾರೀಖಿನಿಂದ. ಒಂಬತ್ತು ಅಂದೆ. ಅವುಗಳಲ್ಲಿ ಎಷ್ಟರ ಅಂಕಿ ಕ್ಲಿನಿಕ್ಕಿಗೆ ಹೋಗಿದೆ? ನಾಲ್ಕು. ತಕ್ಷಣ ಫೋನ್ ತೆಗೆದು, ಆ ನಾಲ್ವರ ಡಾಕ್ಟರಿಗೆ ಆ ಅಂಕಿಗಳನ್ನು ನಂಬಬೇಡಿ ಅಂದರು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿದರು.

"ಏಪ್ರಿಲ್ ಹನ್ನೊಂದಕ್ಕೆ ನೀನು ಬಂದಿದ್ದರೆ ನಾನು ಮಾಡುತ್ತಿದ್ದ ಮೊದಲ ಕೆಲಸ ಏನು, ಗೊತ್ತಾ? ಬೇರೆಯವರ ಕೈಲಿ ಮತ್ತೆ ಓಡಿಸುತ್ತಿದ್ದೆ. ಅವರಿಗೆ ಅದು ಯಾರ ನೀರು ಅಂತ ಗೊತ್ತಿರುತ್ತಿರಲಿಲ್ಲ. ಅವರು ಅಂಕಿ ಇಳಿದದ್ದು ನೋಡಿ, ಟ್ಯೂಬ್ ನೋಡುತ್ತಿದ್ದರು."

ಬೈಗುಳ ಇರಲಿಲ್ಲ ಅದರಲ್ಲಿ.

ನೀತಿ ಸಮಿತಿಗೆ ವರದಿ ಹೋಗುತ್ತದೆ. ಸಮಿತಿಯ ಉತ್ತರ ಬರುವವರೆಗೆ ಮನುಷ್ಯರ ಸ್ಯಾಂಪಲ್ ಮುಟ್ಟುವಂತಿಲ್ಲ. ಕೆಲಸ ಇರುತ್ತದೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಬಾಗಿಲವರೆಗೆ ಬಂದು, "ನನ್ನ ಗಂಡನಾಗಿದ್ದರೆ ನಾನು ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಆದರೂ ವರದಿ ಬರೆಯುತ್ತೇನೆ" ಅಂದರು. ಬರೆಯಿರಿ ಅಂದೆ.

ಜೂನ್ 4, ಭಾನುವಾರ

ಬೇಬಿಯಕ್ಕನಿಗೆ ಹೇಳಿದೆ. ಡಾಕ್ಟರು ಆಗಲೇ ಫೋನ್ ಮಾಡಿ ಮತ್ತೊಮ್ಮೆ ನೀರು ತೆಗೆಯಬೇಕು ಅಂದಿದ್ದರಂತೆ, ಯಾಕೆ ಅಂತ ಪೂರ್ತಿ ಅರ್ಥವಾಗಿರಲಿಲ್ಲ. ಹೊಸಲಿನಲ್ಲೇ ನಿಂತು ಹೇಳಿದೆ.

"ನಿಮ್ಗೆ ಏಪ್ರಿಲಿಂದ ಗೊತ್ತಿತ್ತಾ?"

"ಟ್ಯೂಬಿಂದು ಗೊತ್ತಿರಲಿಲ್ಲ ಬೇಬಿಯಕ್ಕ. ಅಂಕಿ ಇಳೀತಿದೆ ಅನ್ನೋದು ಗೊತ್ತಿತ್ತು. ಅವತ್ತೇ ಹೇಳಿದ್ರೆ ಟ್ಯೂಬಿಂದು ಸಿಕ್ತಿತ್ತು."

"ಅವ್ರು ರಾಜೀನಾಮೆ ಕೊಡುವ ಮೊದಲು."

"ಹೌದು."

"ನೀವು ನಮ್ಮನೆಯ ದೋಸೆ ತಿಂದು ಹೋದ್ರಿ."

ಬಾಗಿಲು ಹಾಕಿಕೊಂಡರು, ನಿಧಾನವಾಗಿ. ಒಳಗಿಂದ ತಾರಾನಾಥರು "ಯಾರು ಬಂದದ್ದು?" ಅಂತ ಕೇಳಿದ್ದು ಕೇಳಿಸಿತು. ಬೇಬಿಯಕ್ಕ ಏನು ಉತ್ತರ ಕೊಟ್ಟರೋ ಕೇಳಿಸಲಿಲ್ಲ.

ಜೂನ್ 29

ಸಮಿತಿಯ ಉತ್ತರ ಬಂತು. ಕೆಲಸ ಉಳಿಯಿತು. ಒಂದು ವರ್ಷ ಮನುಷ್ಯರ ಸ್ಯಾಂಪಲ್ ಇಲ್ಲ. ಆ ಒಂಬತ್ತು ಜನಕ್ಕೂ ಪತ್ರ ಹೋಗುತ್ತದೆ. ಮೂರು ಸಲದ ಅಂಕಿಗಳನ್ನೂ ಸೇರಿಸಿ ಟ್ಯೂಬಿನ ಬಗ್ಗೆ ವರದಿ ತಯಾರಿಸು, ಬೇರೆ ಲ್ಯಾಬುಗಳಿಗೂ ಕಳಿಸೋಣ ಅಂದರು ಹ್ಯಾರಿಯೆಟ್. ಅದರಲ್ಲಿ "ಅನುಮತಿಯಿಲ್ಲದೆ ಮರುಪರೀಕ್ಷೆ ಮಾಡಲಾಯಿತು" ಅಂತ ಬರೆದೆ. "ಮಾಡಲಾಯಿತು" ಹೊಡೆದು "ಮಾಡಿದೆ" ಅಂತ ತಿದ್ದಿದೆ.

ಜುಲೈ 11, ಮಂಗಳವಾರ

ಕ್ಲಿನಿಕ್ಕಿನವರು ಮತ್ತೆ ನೀರು ಕೊಡಿ ಅಂತ ಹರಿಯನ್ನೂ ಕೇಳಿದ್ದರು. ಬೇಡ ಅಂತ ಹೇಳಬಹುದು ಅಂತ ನಾನೇ ಹೇಳಿದೆ. "ಅಲ್ಲ ಕಣೇ, ಆರೋಗ್ಯವಂತರು ಸಿಗಲ್ಲ ಅಂತ ನೀನೇ ಅಲ್ವಾ ಹೇಳಿದ್ದು" ಅಂತ ಹೊರಟರು. ನಾನು ಕಾರಿನಲ್ಲೇ ಕಾದೆ. ಬಂದು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿದರು.

"ಈ ಸಲದ್ದು ನಿಂಗೆ ಗೊತ್ತಾಗತ್ತಾ?"

"ಇಲ್ಲ. ಆ ಫ್ರೀಜರಿನ ಕೀ ನನ್ನ ಹತ್ರ ಇಲ್ಲ."

"ನಂಗೂ ಬೇಡ."

85ನೇ ಹೈವೇಯಲ್ಲಿ ಟ್ರಾಫಿಕ್ ಇತ್ತು. ಮನೆ ಸೇರುವಷ್ಟರಲ್ಲಿ ನಿದ್ದೆ ಮಾಡಿಬಿಟ್ಟಿದ್ದರು, ಬಾಯಿ ತೆರೆದುಕೊಂಡು. ಎಬ್ಬಿಸಲು ಮನಸ್ಸಾಗದೆ ಎಂಜಿನ್ ಆಫ್ ಮಾಡದೆ ಎಸಿ ಹಾಕಿಕೊಂಡು ಡ್ರೈವ್‌ವೇಯಲ್ಲಿ ಅರ್ಧ ಗಂಟೆ ಕೂತಿದ್ದೆ. ಕಿವಿಯ ಹಿಂದೆ ಕೂದಲು ಬೆಳ್ಳಗಾಗಿದೆ. ಯಾವಾಗ ಆಯಿತೋ.

ಆಗಸ್ಟ್ 5, ಶನಿವಾರ

ಹತ್ತು ಗಂಟೆಗೆ ಬೆಲ್ ಆಯಿತು. ತಾರಾನಾಥರು, ಒಬ್ಬರೇ. ಅವರ ಕಾರು ನಮ್ಮ ಮನೆ ಮುಂದೆ ಅಡ್ಡಡ್ಡ ನಿಂತಿತ್ತು. ಹರಿ ಜೂನ್‌ನಲ್ಲೇ ಕೀ ವಾಪಸ್ ಕೊಟ್ಟು ಬಂದಿದ್ದರು.

ಎರಡನೇ ಸಲದ ಅಂಕಿ ಸರಿಯಾಗಿ ಬಂದಿದೆಯಂತೆ, ಎರಡೂ ಪ್ರೋಟೀನಿನದ್ದು. ಡಾಕ್ಟರು ಮನಸ್ಸಿಗೆ ಔಷಧಿ ಕೊಟ್ಟಿದ್ದಾರೆ, ಮಾತಾಡಲು ಒಬ್ಬರ ಹತ್ತಿರ ಕಳಿಸುತ್ತಿದ್ದಾರೆ. ಮಾತು ಈಗಲೂ ಕೆಲವು ಸಲ ನಿಲ್ಲುತ್ತದೆ. ಕೌಂಟಿಯವರು ಅವರ ಜಾಗಕ್ಕೆ ಬೇರೆಯವರನ್ನು ತಗೊಂಡಾಗಿದೆ.

"ಬೇಬಿಗೆ ಇನ್ನೂ ಸಿಟ್ಟು ಉಂಟು," ಅಂದರು. "ಇರ್ತದೆ. ನಾನು ಹೋಗ್ಲಿ ಬಿಡು ಅಂತ ಹೇಳ್ಲಿಕ್ಕೆ ಹೋಗುವುದಿಲ್ಲ. ನಂಗೂ ಸ್ವಲ್ಪ ಉಂಟು."

"ಇರಬೇಕು ಸಾರ್."

"ಆದ್ರೆ ನೀವು ಬಂದು ಬಾಗಿಲಲ್ಲಿ ನಿಂತು ಹೇಳಿದ್ರಿ. ಅದು ನಂಗೆ ಗೊತ್ತು." ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಒಂದು ಕೆಲಸ ಉಂಟು ನಿಮ್ಮಿಂದ. ನಮ್ಮ ಬೀದಿಯಲ್ಲಿ ಓಡಿಸ್ತಿದ್ದೇನೆ. ಹೈವೇಗೆ ಹೋಗ್ಲಿಕ್ಕೆ ಧೈರ್ಯ ಇಲ್ಲ. ಪಕ್ಕದಲ್ಲಿ ಒಬ್ರು ಕೂತ್ಕೊಳ್ಬೇಕು. ಬೇಬಿ ಕೂತ್ರೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಾಳೆ, ನಂಗೆ ಕೈ ನಡುಗ್ತದೆ."

ಚಪ್ಪಲಿ ಹಾಕಿಕೊಂಡು ಹೊರಟೆ.

85ರಿಂದ ಪೆರಿಮೀಟರ್ ಅನ್ನುವ ವರ್ತುಲ ರಸ್ತೆಗೆ ಬಂದೆವು. ಎರಡೂ ಕಡೆ ದೊಡ್ಡ ಟ್ರಕ್ಕುಗಳು. ಮೊದಲು ನಲವತ್ತೈದು ಮೈಲಿ ವೇಗದಲ್ಲಿ ಹೋಗುತ್ತಿದ್ದರು, ಆಮೇಲೆ ಐವತ್ತೈದು. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದ ಬೆರಳು ಒಂದೊಂದಾಗಿ ಸಡಿಲವಾಯಿತು. ಬ್ಯೂಫರ್ಡ್ ಹೈವೇ ಎಕ್ಸಿಟ್‌ನಲ್ಲಿ ಕೆಳಗಿಳಿದು ತರಕಾರಿ ತಗೊಂಡು ವಾಪಸ್ ಬರೋಣ ಅಂತ ಮಾತಾಗಿತ್ತು. ಎಕ್ಸಿಟ್ ಬಂತು, ಬೋರ್ಡು ನಮ್ಮ ತಲೆಯ ಮೇಲೆ ಹಾದು ಹೋಯಿತು. ಅವರು ನೇರ ಹೋದರು.

ಸ್ವಲ್ಪ ಮುಂದೆ ಹೋದ ಮೇಲೆ ಅವರೇ ಹೇಳಿದರು: "ತಪ್ಪಿತು ನೋಡಿ."

"ಮುಂದಿಂದು ತಗೊಳ್ಳೋಣ," ಅಂದೆ.

"ಹೌದು, ಮುಂದೆ ಒಂದು ಉಂಟಲ್ಲ." ಬಲಗಡೆಯ ಲೇನಿಗೆ ಸಿಗ್ನಲ್ ಹಾಕಿದರು. ಅಲ್ಲಿವರೆಗೆ ಎರಡು ಮೈಲಿ ಇತ್ತು. ಈ ರಸ್ತೆಯ ಕೆಳಗಿನ ಒಂದು ದೊಡ್ಡ ಮೋರಿಯನ್ನು ತಾವು ಕೆಲಸಕ್ಕೆ ಸೇರಿದ ವರ್ಷ ಟಾರ್ಚ್ ಹಿಡಿದು ಒಳಗೆ ನಡೆದು ನೋಡಿದ್ದನ್ನು, ಅರ್ಧ ದಾರಿಯಲ್ಲಿ ಒಂದು ಆಮೆ ಎದುರು ಬಂದದ್ದನ್ನು ಅವರು ಹೇಳುತ್ತಾ ಹೋದರು. ನಡುವೆ ಒಂದು ಶಬ್ದ ಸಿಗದೆ ನಿಂತರು. ನಾನು ಕಾದೆ. ಸಿಕ್ಕಿತು. ಮುಂದುವರಿಸಿದರು.